ಗಾಡಿಯ ಸದ್ದಿಗೆ ಬಂದ ಈಲಂಡ್

ಆ ಈಲಂಡನ್ನು, ಎತ್ತಿನಷ್ಟು ದೊಡ್ಡ ಆ ಕಾಡುಜಿಂಕೆಯನ್ನು, ದುಡ್ಡು ಕೊಟ್ಟವರು ಬೇಟೆಯಾಡುವ ನಮ್ಮ ಫಾರ್ಮಿಗೆ ತಂದವನು ನಾನೇ. ಒಚಿವಾರೊಂಗೊ ಪೇಟೆಯಾಚೆ ಕಾಡುಪ್ರಾಣಿಗಳನ್ನು ಹರಾಜು ಹಾಕುವ ದೊಡ್ಡಿಯೊಂದಿದೆ. ಜೂನ್ ಮೊದಲ ವಾರ ಲಾರಿಯ ಮೇಲೆ ಎತ್ತರದ ಹಲಗೆಪೆಟ್ಟಿಗೆ ಕಟ್ಟಿಕೊಂಡು ಹೋಗಿ ಅದನ್ನು ಹೇರಿಕೊಂಡು ಬಂದೆ. ವಯಸ್ಸಾದ ಹೋರಿ. ಮೈಬಣ್ಣ ಬೂದಿನೀಲಿಗೆ ತಿರುಗಿತ್ತು. ಗಂಗೆದೊಗಲು ಜೋತಾಡುತ್ತಿತ್ತು, ಹಣೆಯ ಮೇಲೆ ಕಪ್ಪು ಕೂದಲಿನ ಕುಚ್ಚು. ಮೂರು ಗಂಟೆಯ ದಾರಿಯಲ್ಲಿ ಒಂದು ಸಲವೂ ಅದು ಹಲಗೆಗೆ ಒದೆಯಲಿಲ್ಲ. ಕಾಡಿನಲ್ಲಿ ಹುಟ್ಟಿದ್ದಾಗಿದ್ದರೆ ಪೆಟ್ಟಿಗೆ ಪುಡಿಯಾಗುತ್ತಿತ್ತು. ಇದು ಯಾರದೋ ಹಿತ್ತಲಿನಲ್ಲಿ ಬಾಟಲಿ ಹಾಲು ಕುಡಿದು ಬೆಳೆದದ್ದು.

ರೀಕರ್ಟ್ ಧಣಿ ಗೇಟಿನಲ್ಲೇ ಕಾಯುತ್ತಿದ್ದರು. ಹೋರಿಯ ಕಿವಿಯಲ್ಲಿದ್ದ ಹಳದಿ ಬಿಲ್ಲೆಯನ್ನು ತಾವೇ ಕತ್ತರಿಸಿ ಜೇಬಿಗೆ ಹಾಕಿಕೊಂಡರು.

“ಪಡುವಲ ಬೇಲಿ ಹತ್ರ ಬಿಡು, ಹಿಸ್ಕಿಯಾ. ದೂರ ಹೋಗದ ಹಾಗೆ ದಿನಾ ಬೆಳಿಗ್ಗೆ ಪಿಕಪ್‌ನಲ್ಲಿ ಹೋಗಿ ಒಂದಿಷ್ಟು ಮೆಕ್ಕೆಜೋಳ ಹಾಕು. ಯೋಸಫಾತ್‌ಗೆ ಮಾತ್ರ ಹೇಳ್ಬೇಡ.”

“ಭಾವನಿಗೆ ಗೊತ್ತಾಗದೆ ಇರತ್ತಾ ಧಣಿ?”

“ಅವನ ಮುಖದಲ್ಲಿ ಸುಳ್ಳು ನಿಲ್ಲಲ್ಲ. ಗೊತ್ತಿಲ್ದೆ ಇದ್ರೆ ನಿಜವಾಗಿ ಹುಡುಕ್ತಾನೆ. ಅವನು ನಿಜವಾಗಿ ಹುಡುಕಿದ್ರೆ ಬೇಟೆಗೆ ಬಂದವರು ನಂಬ್ತಾರೆ.”

ಯೋಸಫಾತ್ ನನ್ನ ಅಕ್ಕ ಎವೆಲೀನಾಳ ಗಂಡ. ಆ ಫಾರ್ಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಪ್ರಾಣಿಗಳ ಹೆಜ್ಜೆ ಹುಡುಕುವ ಕೆಲಸ ಅವರದು. ನನ್ನನ್ನು ಧಣಿಯ ಮುಂದೆ ನಿಲ್ಲಿಸಿ, ‘ಇವನು ನನ್ನ ಮನೆಯವನು, ನಂಬಬಹುದು’ ಎಂದು ಡ್ರೈವರ್ ಕೆಲಸ ಕೊಡಿಸಿದವರೂ ಅವರೇ. ಬೇಟೆಗಾರರೆಂದು ಧಣಿಗೆ ಬಂದ ಹೆಸರೆಲ್ಲ ಭಾವನ ಕಣ್ಣಿನಿಂದ ಬಂದದ್ದು. ಬರೀ ಕಲ್ಲಿನ ನೆಲದಲ್ಲೂ ಗಾಯಗೊಂಡ ಪ್ರಾಣಿಯನ್ನು ಎರಡು ದಿನ ಬಿಡದೆ ಹಿಂಬಾಲಿಸಿದವರು. ಒಮ್ಮೆ ಗೆಮ್ಸ್‌ಬಾಕ್ ಜಿಂಕೆಯೊಂದರ ಈಟಿಯಂಥ ಕೊಂಬು ಧಣಿಯ ತೊಡೆಗೆ ಹೊಕ್ಕಾಗ, ಅವರನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದು ಬದುಕಿಸಿದವರು. ಅಂಥವರಿಗೆ ಹೋರಿ ಬರುವ ಮೊದಲೇ ನಾಲ್ಕು ದಿನ ರಜೆ ಕೊಟ್ಟು, ಕೈಯಲ್ಲಿ ಮಾಂಸದ ಗಂಟು ಕೊಟ್ಟು, ತಾಯಿಯನ್ನು ನೋಡಿಕೊಂಡು ಬಾ ಎಂದು ಧಣಿ ಕಳಿಸಿಬಿಟ್ಟಿದ್ದರು. ಭಾವ ಅದನ್ನು ಪ್ರೀತಿಯೆಂದೇ ತಿಳಿದರು.

ಹೇಳಬಹುದಾಗಿತ್ತು. ಅವರು ಊರಿನಿಂದ ಬಂದ ದಿನ ಅಕ್ಕನ ಮನೆಯಲ್ಲಿ ಒಂದೇ ತಟ್ಟೆಯಿಂದ ಗಂಜಿಮುದ್ದೆ ಮುರಿದು ತಿಂದೆವು. ಧಣಿ ಬೇಡವೆಂದಿದ್ದಾರೆ, ಕೆಲಸದ ವಿಷಯ ಕೆಲಸದವರಿಗೆ, ಒಂದು ವಾರದಲ್ಲಿ ಎಲ್ಲ ಮುಗಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬೇಟೆಗೆ ಬಂದವರು ನಾರ್ವೆಯ ಆರ್ವಿಡ್. ಜನರನ್ನು ದಡದಿಂದ ದಡಕ್ಕೆ ದಾಟಿಸುವ ಹಡಗಿನ ಕ್ಯಾಪ್ಟನ್ ಆಗಿದ್ದು ನಿವೃತ್ತರಾದವರು. ಅರವತ್ತೆಂಟು ವಯಸ್ಸು, ಎಡ ಮಂಡಿಯಲ್ಲಿ ನೋವು. ಬಂದ ದಿನವೇ ಬಂದೂಕು ಬಿಚ್ಚುವ ಮೊದಲು ಭಾವನನ್ನು ಹುಡುಕಿಕೊಂಡು ನಮ್ಮ ಸಾಲುಮನೆಯತ್ತ ಬಂದರು. ಮರಳಿನ ಮೇಲೆ ಕೂತು ಹೆಜ್ಜೆಗಳನ್ನು ಬರೆದು ತೋರಿಸಿ ಎಂದರು. ಭಾವ ಬೆರಳಲ್ಲಿ ಬರೆದರು. ಇದು ಈಲಂಡಿನದು, ದನದ ಗೊರಸಿನ ಹಾಗೆ ದುಂಡಗೆ, ಇದು ಕಾಡುಹಂದಿಯದು, ಇದು ಓಡುವಾಗ, ಇದು ಸುಮ್ಮನೆ ಮೇಯುವಾಗ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಹಾಗಾಗಿ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಎರಡನೇ ಸಂಜೆ ಆರ್ವಿಡ್ ಕೇಳಿದರು. ನಾನು ಅಲ್ಲೇ ಪಿಕಪ್‌ಗೆ ಡೀಸೆಲ್ ಹಾಕುತ್ತಿದ್ದೆ.

“ಯೋಸಫಾತ್, ಒಂದು ಮಾತು. ನಿಮ್ಮ ಯಜಮಾನರನ್ನಲ್ಲ, ನಿಮ್ಮನ್ನೇ ಕೇಳ್ತೀನಿ. ನಾನು ಸಾಕಿದ ಪ್ರಾಣಿ ಹೊಡೆಯೋಕೆ ಇಷ್ಟು ದೂರ ಬರಲಿಲ್ಲ. ಸಿಗದೆ ಇದ್ರೆ ಬರಿಗೈಲಿ ಹೋಗ್ತೀನಿ, ಪರವಾಗಿಲ್ಲ. ಇಲ್ಲಿನ ಈಲಂಡ್ ನಿಜವಾಗ್ಲೂ ಕಾಡಿನವೇ?”

“ಪಡುವಲ ಗುಡ್ಡದ ಕಡೆಯವು ಯಾರಪ್ಪನ ಮಾತೂ ಕೇಳಲ್ಲ. ಬೇಲಿ ಹಾರಿ ಹೋಗ್ತವೆ, ಬೇಲಿ ಹಾರಿ ಬರ್ತವೆ,” ಎಂದರು ಭಾವ. “ನನ್ನ ಮಾತು ಕೊಡ್ತೀನಿ.”

ಆರ್ವಿಡ್ ಕೈ ಚಾಚಿದರು. ಭಾವ ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ನನ್ನ ಕೈಯ ಡಬ್ಬ ಜಾರಿ ಡೀಸೆಲ್ ಚೆಲ್ಲಿತು. “ನಿದ್ದೆ ಬಂತಾ ತಮ್ಮಾ?” ಎಂದು ಭಾವ ನಕ್ಕರು.

ನಮ್ಮ ಕಡೆ ಜೂನ್ ಎಂದರೆ ಚಳಿಗಾಲ. ಮೂರನೇ ದಿನ ಬೆಳಗಿನ ಚಳಿಯಲ್ಲಿ, ಹುಲ್ಲಿನ ಮೇಲೆ ಹಿಮ ಇನ್ನೂ ಬಿಳಿಯಾಗಿದ್ದಾಗಲೇ, ಭಾವ ಆ ಹೆಜ್ಜೆ ಹಿಡಿದರು. ದೊಡ್ಡ ಹೋರಿ, ಒಂಟಿ. ಮುಖ ಅರಳಿತು. ಮುಂದೆ ಭಾವ, ಅವರ ಹಿಂದೆ ಬಂದೂಕು ಊರುವ ಮೂರುಕಾಲಿನ ಕೋಲು ಹೊತ್ತ ಧಣಿ, ಆಮೇಲೆ ಆರ್ವಿಡ್, ಕೊನೆಗೆ ನೀರಿನ ಚೀಲ ಹೊತ್ತ ನಾನು. ಎಲ್ಲಿ ನಿಂತು ಗಾಳಿ ನೋಡಬೇಕು, ಎಲ್ಲಿ ಬಾಗಬೇಕು ಎಂದು ಭಾವ ಕೈಯಲ್ಲೇ ತೋರಿಸುತ್ತಿದ್ದರು. ಆರ್ವಿಡ್ ಮಂಡಿನೋವು ಮರೆತು ಮಗುವಿನ ಹಾಗೆ ಅವರ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತಿದ್ದರು.

ಎರಡು ಗಂಟೆ ಕಳೆದ ಮೇಲೆ ಭಾವನ ನಡಿಗೆ ನಿಧಾನವಾಯಿತು. ಹೋರಿ ಬೇಲಿಯ ಗುಂಟ ಹೋಗಿತ್ತು. ಬೇಲಿಯ ಮೂಲೆಯಲ್ಲಿ ತುಂಬ ಹೊತ್ತು ನಿಂತಿತ್ತು. ಆಮೇಲೆ ಗಾಡಿಯ ದಾರಿಗೆ ಇಳಿದು ಚಕ್ರದ ಗುರುತಿನ ನಡುವೆಯೇ ನಡೆದಿತ್ತು. ಕಾಡಿನ ಈಲಂಡ್ ಹಾಗೆ ನಡೆಯುವುದಿಲ್ಲ. ಭಾವ ಕುಕ್ಕರುಗಾಲಲ್ಲಿ ಕೂತು ಗೊರಸಿನ ತುದಿಯ ಗುರುತನ್ನು ಬೆರಳಿಂದ ಅಳೆದರು. ಕಲ್ಲಿನಲ್ಲಿ ಓಡಾಡಿ ಸವೆಯಬೇಕಾದ ತುದಿ ಉದ್ದಕ್ಕೆ ಬೆಳೆದಿತ್ತು. ಪಕ್ಕದಲ್ಲೇ ಹಿಕ್ಕೆ ಬಿದ್ದಿತ್ತು. ಒಂದನ್ನು ಅಂಗೈಯಲ್ಲಿಟ್ಟು ಒಡೆದರು. ಒಳಗೆ ಮೆಕ್ಕೆಜೋಳದ ಹಳದಿ ಸಿಪ್ಪೆ.

ಅವರು ಧಣಿಯನ್ನು ನೋಡಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ಪಡುವಲ ದಿಕ್ಕಿಗೆ ಗಾಡಿ ತರುವವನು ಫಾರ್ಮಿನಲ್ಲಿ ನಾನೊಬ್ಬನೇ. ನಾನು ನೀರಿನ ಚೀಲದ ಮುಚ್ಚಳ ಬಿಗಿಮಾಡುತ್ತ ನಿಂತೆ.

ಭಾವ ಎದ್ದು ಕೈ ಒರೆಸಿಕೊಂಡರು. ಇನ್ನೂ ನೂರು ಗಜ ಕಾಲೆಳೆದು ನಡೆದು, ಗಟ್ಟಿ ನೆಲ ಬಂದಲ್ಲಿ ನಿಂತು, ಆರ್ವಿಡ್‌ಗೆ ಇಂಗ್ಲಿಷಿನಲ್ಲಿ ಹೇಳಿದರು:

“ಹೆಜ್ಜೆ ತಪ್ಪಿತು ಸರ್. ಇನ್ನು ಸಿಗಲ್ಲ.”

ಹತ್ತೊಂಬತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಆರ್ವಿಡ್ ಬೇಸರವಿಲ್ಲದೆ ತಲೆಯಾಡಿಸಿ, ಮುಳ್ಳುಮರದ ನೆರಳಲ್ಲಿ ಮಂಡಿ ತಿಕ್ಕಿಕೊಳ್ಳುತ್ತ ಕೂತರು. ಧಣಿಯ ಮುಖ ಕೆಂಪಾಯಿತು. ಈ ಫಾರ್ಮಿನಲ್ಲೇ ಹುಟ್ಟಿದ್ದರಿಂದ ನಮ್ಮ ಡಮಾರಾ ಮಾತು ಅವರಿಗೆ ನಮ್ಮಷ್ಟೇ ಬರುತ್ತದೆ. ಆರ್ವಿಡ್‌ಗೆ ತಿಳಿಯದಿರಲೆಂದು ಅದರಲ್ಲೇ ಶುರುಮಾಡಿದರು.

“ಏನಾಟ ಇದು? ಕುರುಡನಿಗೂ ಕಾಣೋ ಹೆಜ್ಜೆ.”

“ಕುರುಡನಿಗೆ ಕಾಣತ್ತೆ ಅಂದ್ಮೇಲೆ ನೀವೇ ಹಿಡ್ಕೊಂಡು ಹೋಗಿ ಧಣಿ.”

“ಯೋಸಫಾತ್, ಅವರು ಎರಡು ವರ್ಷದಿಂದ ಕಾದು ಬಂದಿದಾರೆ. ಒಂದು ಹೋರಿ ಸಿಕ್ಕಿದ್ರೆ ಖುಷಿಯಾಗಿ ಹೋಗ್ತಾರೆ. ಯಾರಿಗೇನು ನಷ್ಟ?”

“ಅವರು ನಿಮ್ಮನ್ನ ಕೇಳಲಿಲ್ಲ. ನನ್ನ ಕೇಳಿದ್ರು. ಕಾಡಲ್ಲಿ ಮೆಕ್ಕೆಜೋಳ ಬಿತ್ತಿದ್ದು ಯಾರು?”

ಧಣಿ ನನ್ನ ಕಡೆ ತಿರುಗಿ, ಸಾಹೇಬರಿಗೆ ಮಂಡಿನೋವು, ಹೋಗಿ ಪಿಕಪ್ ತಾ ಎಂದರು.

ನಾನು ಅಡ್ಡದಾರಿಯಲ್ಲಿ ಅರ್ಧ ಗಂಟೆ ನಡೆದು ಗಾಡಿ ಹತ್ತಿದೆ. ಎಂಜಿನ್ ಶುರುಮಾಡಿ ಸ್ವಲ್ಪ ದೂರ ಬಂದಾಗ ಕನ್ನಡಿಯಲ್ಲಿ ಕಂಡಿತು. ಪೊದೆಯಿಂದ ಹೊರಬಂದ ಹೋರಿ ದಾರಿಯ ನಡುವೆ ನನ್ನ ಹಿಂದೆಯೇ ಬರುತ್ತಿತ್ತು. ಇಳಿದು ಕಲ್ಲೆಸೆದೆ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಬಂತು. ಹಾರ್ನ್ ಹೊಡೆದೆ, ಕೂಗಿದೆ. ಆ ಸದ್ದುಗಳಿಗೆಲ್ಲ ಅದು ಮೇವಿನ ಸದ್ದೆಂದೇ ಕಿವಿ ನಿಮಿರಿಸುತ್ತಿತ್ತು. ಗಾಡಿಯನ್ನು ಬೇರೆ ಕಡೆ ತಿರುಗಿಸಬಹುದಿತ್ತು. ಅಷ್ಟು ಬುದ್ಧಿ ಹೊಳೆಯಲಿಲ್ಲ, ಅಥವಾ ಅಷ್ಟು ಧೈರ್ಯ ಇರಲಿಲ್ಲ. ಜೋರಾಗಿ ಓಡಿಸಿದರೆ ಹಿಂದುಳಿಯುತ್ತದೆ ಅಂದುಕೊಂಡೆ.

ಮುಳ್ಳುಮರದ ಹತ್ತಿರ ನಿಲ್ಲಿಸಿದೆ. ಎಂಜಿನ್ ಆರಿದ ಮೇಲೆ ಆ ಶಬ್ದ ಕೇಳಿತು. ಈಲಂಡ್ ನಡೆದರೆ ಅದರ ಮುಂಗಾಲಿನಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ, ಬೆರಳು ಮುರಿದ ಹಾಗೆ. ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಆರ್ವಿಡ್ ಎದ್ದು ನಿಂತು ಬಂದೂಕು ಹಿಡಿದರು. ಹೋರಿ ಅವರನ್ನು ದಾಟಿಕೊಂಡು ಬಂದು ಪಿಕಪ್‌ನ ಹಿಂಬದಿಗೆ ಮೂತಿ ಇಟ್ಟು, ಖಾಲಿ ಗೋಣಿಚೀಲವನ್ನು ನೆಕ್ಕತೊಡಗಿತು.

ಆರ್ವಿಡ್ ಬಂದೂಕಿನಿಂದ ಗುಂಡು ಹೊರತೆಗೆದು, ಅದನ್ನು ಮರಕ್ಕೆ ಒರಗಿಸಿ, ಹೋರಿಯ ಹತ್ತಿರ ಹೋದರು. ಹಣೆಯ ಕುಚ್ಚಿನಲ್ಲಿ ಕೈಯಾಡಿಸಿದರು. ಕಿವಿ ಹಿಡಿದು ಬಿಲ್ಲೆ ಇದ್ದ ತೂತನ್ನು ನೋಡಿದರು. ತೂತಿನ ಅಂಚು ಇನ್ನೂ ಹಸಿಯಾಗಿತ್ತು.

“ಇದು ಯಾರದು?” ಎಂದರು.

ಧಣಿ ಒಂದು ಕ್ಷಣವೂ ತಡೆಯಲಿಲ್ಲ. “ನಿಮ್ಮಷ್ಟೇ ನನಗೂ ಆಶ್ಚರ್ಯ ಸರ್. ಈ ಕಡೆಯ ಪ್ರಾಣಿ, ಬೇಲಿ, ಹೆಜ್ಜೆ ಎಲ್ಲ ಯೋಸಫಾತನ ಉಸ್ತುವಾರಿ. ಬೇಟೆ ಸಿಕ್ಕಿದ್ರೆ ಬಂದವರು ಅವನಿಗೆ ಇನಾಮು ಕೊಡ್ತಾರೆ ನೋಡಿ. ಗಾಡಿ ಓಡಿಸೋನು ಅವನ ಹೆಂಡ್ತಿ ತಮ್ಮ. ಇಬ್ರೂ ಸೇರಿ ಏನು ಮಾಡ್ಕೊಂಡಿದಾರೋ, ವಿಚಾರಿಸ್ತೀನಿ. ನನಗೆ ನಾಚಿಕೆಯಾಗ್ತಿದೆ.”

ಭಾವನಿಗೆ ಪ್ರತಿ ಪದವೂ ಅರ್ಥವಾಯಿತು. ತಾವು ಬೆನ್ನ ಮೇಲೆ ಹೊತ್ತು ತಂದ ಮನುಷ್ಯನನ್ನು ಒಂದು ಸಲ ನೋಡಿದರು. ಕೋಪವೂ ಇರಲಿಲ್ಲ ಆ ನೋಟದಲ್ಲಿ. ಪರಿಚಯವಿಲ್ಲದ ಹೆಜ್ಜೆ ನೋಡುವಾಗ ಅವರು ಹಾಗೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕಾದರು. ನಾನು ಮಾತಾಡಬೇಕಿತ್ತು. ‘ಧಣಿ ಹೇಳಿದರು, ನಾನು ತಂದೆ, ಭಾವನಿಗೆ ಗೊತ್ತಿಲ್ಲ.’ ಇಷ್ಟೇ. ಇಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ನಾನು ಸ್ಟೀರಿಂಗ್ ನೋಡುತ್ತ ಕೂತೆ.

ಆರ್ವಿಡ್ ಭಾವನ ಎದುರು ಬಂದು ನಿಂತರು. “ನೀವು ಕೈ ಹಿಡಿದು ಮಾತು ಕೊಟ್ಟಿದ್ರಿ,” ಎಂದರು. ಅಷ್ಟೇ ಅಂದದ್ದು.

ತಮ್ಮನ್ನು ಬಿಡಿಸಿಕೊಳ್ಳಲು ಭಾವ ನನ್ನ ಹೆಸರು ಹೇಳಬೇಕಿತ್ತು. ಹೇಳಲಿಲ್ಲ. ವಾಪಸು ಬರುವಾಗ ಗಾಡಿ ಹತ್ತಲಿಲ್ಲ, ಹನ್ನೆರಡು ಕಿಲೋಮೀಟರು ನಡೆದೇ ಬಂದರು.

ಮರುದಿನ ಆರ್ವಿಡ್ ಹೊರಟರು. ಅಡುಗೆಯವಳ ಕೈ ಕುಲುಕಿದರು, ತೊಗಲು ಸುಲಿಯುವ ಮುದುಕನ ಕೈ ಕುಲುಕಿದರು. ಅಂಗಳದ ಅಂಚಿನಲ್ಲಿ ನಿಂತಿದ್ದ ಭಾವನ ಕಡೆ ನೋಡದೆ ಕಾರು ಹತ್ತಿದರು. ಕಾರಿನ ಧೂಳು ಅಡಗಿದ ಮೇಲೆ ಭಾವ ಫಾರ್ಮಿನ ಹೆಸರು ಹೊಲಿದಿದ್ದ ಅಂಗಿ ಬಿಚ್ಚಿ, ಮಡಿಸಿ, ಧಣಿಯ ಜಗಲಿಯ ಮೇಲಿಟ್ಟರು.

“ಹುಚ್ಚಾಟ ಬೇಡ ಯೋಸಫಾತ್,” ಎಂದರು ಧಣಿ. “ಆ ಮನುಷ್ಯ ಮತ್ತೆ ಬರೋನಲ್ಲ. ಆಗ ಬಾಯಿಗೆ ಬಂದದ್ದು ಹೇಳ್ದೆ. ನಾವು ನಾವು ಇದ್ದೇ ಇದ್ದೀವಲ್ಲ.”

“ನಾನು ಇಲ್ಲ ಧಣಿ,” ಎಂದರು ಭಾವ.

ಅಕ್ಕ ಪಾತ್ರೆಗಳನ್ನು ಕಂಬಳಿಯಲ್ಲಿ ಕಟ್ಟುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

“ಅಕ್ಕ, ಧಣಿ ಹೇಳಿದ್ರೆ ನಾನೇನು ಮಾಡ್ಲಿ?”

“ತಂದೆ, ಸರಿ. ಜೋಳ ಹಾಕ್ದೆ, ಸರಿ. ಹೊಟ್ಟೆಪಾಡು ಅಂತೀನಿ. ಆ ಮರದ ಕೆಳಗೆ ನಿನ್ನ ಬಾಯಿಗೇನಾಗಿತ್ತು ಹಿಸ್ಕಿಯಾ? ಅವರು ನಿನ್ನ ಹೆಸರು ಹೇಳದೆ ನಿಂತಿದ್ರು. ನಿನಗೆ ಅವರ ಪರ ಒಂದು ಮಾತು ಹೇಳೋಕಾಗಲಿಲ್ಲ.”

ಅಕ್ಕ ಭಾವ ಇಬ್ಬರೂ ಖೋರಿಹಾಸ್ ಊರಿನ ಕಡೆಗೆ ಹೋದರು. ನಾನು ಹೋಗಲಿಲ್ಲ, ಕೆಲಸ ಬಿಡಲಿಲ್ಲ. ಎರಡು ವಾರದ ನಂತರ ಇನ್ನೊಬ್ಬ ಬೇಟೆಗಾರರು ಬಂದು ಆ ಹೋರಿಯನ್ನು ಹೊಡೆದರು. ಮೂವತ್ತು ಹೆಜ್ಜೆ ದೂರದಿಂದ, ಅದು ಗಾಡಿಯನ್ನು ನೋಡುತ್ತ ನಿಂತಿದ್ದಾಗ. ಅದನ್ನೂ ನಾನೇ ಹೇರಿದೆ.

ಆಗಸ್ಟಿನಲ್ಲಿ ಅತಿಥಿಗಳ ಪುಸ್ತಕದಿಂದ ಆರ್ವಿಡ್ ವಿಳಾಸ ಇಳಿಸಿಕೊಂಡು, ಔಟ್ಯೋ ಪೇಟೆಯ ಒಬ್ಬ ಮೇಷ್ಟರ ಹತ್ತಿರ ಪತ್ರ ಬರೆಸಿದೆ. ಲಾರಿ, ಬಿಲ್ಲೆ, ಮೆಕ್ಕೆಜೋಳ, ಎಲ್ಲ. ಮೇಷ್ಟರು ಕೊನೆಗೆ ಕ್ಷಮಿಸಿ ಎಂದು ಸೇರಿಸಲೇ ಎಂದು ಕೇಳಿದರು. ಬೇಡವೆಂದೆ, ಅದು ಕೇಳಬೇಕಾದ್ದು ಅವರನ್ನಲ್ಲ. ಭಾವ ಇರುವ ಊರಿನ ವಿಳಾಸವನ್ನೂ ಹಾಕಿಸಿದೆ. ಆ ತಿಂಗಳೇ ಫಾರ್ಮ್ ಬಿಟ್ಟು ಪೇಟೆಯ ಇಟ್ಟಿಗೆ ಲಾರಿಗೆ ಸೇರಿಕೊಂಡೆ.

ಮರುವರ್ಷ ಈಸ್ಟರ್ ಹಬ್ಬಕ್ಕೆ ಅಕ್ಕನ ಮನೆಗೆ ಹೋದೆ. ಭಾವ ಈಗ ಅಲ್ಲಿನ ಊರವರೇ ನೋಡಿಕೊಳ್ಳುವ ಕಾಡಿನಲ್ಲಿ ಪ್ರಾಣಿಗಳ ಲೆಕ್ಕ ತೆಗೆಯುವ ಕೆಲಸದಲ್ಲಿದ್ದಾರೆ. ನನ್ನನ್ನು ಕೂರಿಸಿದರು, ಕಾಫಿ ಕೊಟ್ಟರು, ದಾರಿ ಹೇಗಿತ್ತು ಎಂದು ಕೇಳಿದರು. ಅಕ್ಕ ಒಳಗಿನಿಂದ ಒಂದು ಪತ್ರ ತಂದು ನನ್ನ ಮುಂದಿಟ್ಟಳು. ಆರ್ವಿಡ್ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದರು: ಹೆಜ್ಜೆ ತಪ್ಪಿತು ಎಂದು ನೀವು ಯಾಕೆ ಹೇಳಿದಿರಿ ಎಂದು ಈಗ ತಿಳಿಯಿತು, ನಾನು ಕಾರಿನಿಂದ ಇಳಿದು ಕೇಳಬೇಕಾಗಿತ್ತು.

“ಭಾವ,” ಎಂದು ಪತ್ರ ಕೆಳಗಿಟ್ಟೆ.

“ಬರೆಸಿದ್ದು ಒಳ್ಳೇದಾಯ್ತು,” ಎಂದರು ಅವರು. “ಅವರಿಗೆ ಗೊತ್ತಿಲ್ಲದ್ದು ಗೊತ್ತಾಯ್ತು. ನನಗೆ ಗೊತ್ತಾಗಿದ್ದು ಹಾಗೇ ಇದೆ.”

ಗಟ್ಟಿಯಾಗಿ ಅನ್ನಲಿಲ್ಲ. ಲೋಟ ಕೆಳಗಿಟ್ಟು, ಟೋಪಿ ಹಾಕಿಕೊಂಡು, ಕತ್ತಲಾಗುವ ಮೊದಲು ನೀರಿನ ಗುಂಡಿ ನೋಡಿ ಬರಬೇಕೆಂದು ಎದ್ದರು. ನಾನೂ ಬರಲೇ ಎಂದು ಕೇಳುವಷ್ಟರಲ್ಲಿ ಅವರು ಬೇಲಿ ದಾಟಿದ್ದರು. ಅಕ್ಕ ನನ್ನ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿ, ಬಸ್ಸು ಐದೂವರೆಗೆ ಎಂದಳು.