ಬೇರೆಯವರ ಮೂಗು

ಅವಳಿಗೆ ವಾಸನೆ ತಿಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬಂದ ಒಂದು ಜ್ವರ ಮೈಯಿಂದ ಇಳಿಯುವಾಗ ವಾಸನೆಯನ್ನೂ ಜೊತೆಗೆ ಒಯ್ದಿತ್ತು. ಡಾಕ್ಟರು ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿ, ಬಂದರೂ ಬರಬಹುದು ಅಂದರು. ಬರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಸೀದರೂ ಗೊತ್ತಾಗದು. ಬಾಯಿಗೆ ಅನ್ನವೂ ಒಂದೇ, ಒದ್ದೆ ಕಾಗದವೂ ಒಂದೇ. ಅವಳು ಕೆಲಸ ಮಾಡುವ ಬೈಂಡಿಂಗ್ ಅಂಗಡಿಯಲ್ಲಿ ಒಮ್ಮೆ ಅಂಟಿನ ಡಬ್ಬಿ ಹಳಸಿ ಎಲ್ಲರೂ ಹೊರಗೆ ಓಡಿದಾಗ ಇವಳೊಬ್ಬಳೇ ಕೂತು ಪುಟ ಮಡಿಸುತ್ತಿದ್ದಳು. ಆಮೇಲೆ ಅದೇ ಒಂದು ಜೋಕಾಯಿತು. ಅವಳು ನಗಲಿಲ್ಲ.

ಕೋಳಿಗಳನ್ನು ತಂದದ್ದು ಆ ಜ್ವರದ ನಂತರ. ತಿನ್ನುವುದರಲ್ಲಿ ಸುಖ ಹೋದ ಮೇಲೆ ಕೈಗಾದರೂ ಏನಾದರೂ ಬೇಕಿತ್ತು. ಹೇಂಟೆಯನ್ನು ಎತ್ತಿ ಹಿಡಿದರೆ ಬೆಚ್ಚಗೆ, ಭಾರವಾಗಿ, ಎದೆಬಡಿತ ಬೆರಳಿಗೇ ಸಿಗುತ್ತಿತ್ತು. ಒಂಬತ್ತು ಹೇಂಟೆಗಳು. ಬಾಡಿಗೆ ಮನೆಯ ಹಿಂದೆ, ಬಚ್ಚಲಿನ ಗೋಡೆಗೆ ಒತ್ತಿಕೊಂಡು ಗೂಡು. ಗಂಡ ಲಿಫ್ಟ್ ಮೆಕ್ಯಾನಿಕ್. ಮೋಟಾರು ಬಂದಿದ್ದ ಮರದ ದೊಡ್ಡ ಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದ. ಅವಳೇ ಅದಕ್ಕೆ ಬಾಗಿಲು, ಎರಡು ಕಿಟಕಿ, ಕೂರಲು ಅಡ್ಡಕೋಲು, ಕೋಲಿನ ಕೆಳಗೆ ಹಿಕ್ಕೆ ಬೀಳಲು ಒಂದು ತಗಡಿನ ತಟ್ಟೆ ಹೊಂದಿಸಿದ್ದಳು. ಮುಂದೆ ಜಾಲರಿ ಕಟ್ಟಿದ ಪುಟ್ಟ ಅಂಗಳ.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ತಟ್ಟೆ ಎಳೆದು ಕರಣೆಯಿಂದ ಕೆರೆಯುತ್ತಿದ್ದಳು. ನೆಲಕ್ಕೆ ಹಾಸಿದ ಮರದ ಹೊಟ್ಟನ್ನು ಕೆದಕಿ ಮಗುಚುತ್ತಿದ್ದಳು. ಒಂದು ಹಿಡಿ ತೆಗೆದು ಹಿಸುಕಿ, ಉಂಡೆ ಕಟ್ಟದೆ ಉದುರಿದರೆ ಸರಿ, ಒಣಗಿದೆ. ನೀರಿನ ಡಬ್ಬಿ ಉಜ್ಜಿ, ಅಂಗಳ ಗುಡಿಸಿ, ಕೈ ತೊಳೆದು ಹೊರಡುತ್ತಿದ್ದಳು. ಕಣ್ಣಿಗೆ, ಕೈಗೆ ಸಿಗುವುದೆಲ್ಲ ಚೊಕ್ಕಟ. ಮೂಗಿಗೆ ಸಿಗುವುದರ ವಿಷಯದಲ್ಲಿ ಮಾತ್ರ ಬೇರೆಯವರ ಮುಂದೆ ನಿಲ್ಲಬೇಕಿತ್ತು.

ಸಂಜೆ ಗಂಡ ಬಂದು ಕುರ್ಚಿಗೆ ಬಿದ್ದ ಮೇಲೆ ಕೇಳುತ್ತಿದ್ದಳು.

"ರೀ, ಒಂದ್ಸಲ ಹಿಂದೆ ಹೋಗಿ ಮೂಸಿ ನೋಡ್ಕೊಂಡು ಬನ್ನಿ."

"ನೋಡ್ದೆ. ಏನೂ ಇಲ್ಲ."

"ಯಾವಾಗ ನೋಡಿದ್ರಿ?"

"ಬರ್ತಾನೇ ನೋಡ್ದೆ ಕಣೇ. ನಮ್ಮ ಬೆಡ್‌ರೂಮಿಗಿಂತ ಚೆನ್ನಾಗಿದೆ. ಬೇಕಿದ್ರೆ ಇವತ್ತು ಅಲ್ಲೇ ಮಲಗ್ತೀನಿ."

ಅತ್ತೆ ಪಕ್ಕದ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿರುತ್ತಿದ್ದರು. ಆಸ್ಪತ್ರೆಯಲ್ಲಿ ಆಯಾ ಆಗಿ ಜೀವಮಾನ ಕಳೆದು ನಿವೃತ್ತರಾದವರು. ಕೋಳಿಗಳಿಗೆ ಹೆಡ್ ನರ್ಸ್, ಕಾಂಪೌಂಡರ್, ಎಕ್ಸ್‌ರೇ ಎಂದೆಲ್ಲ ಹೆಸರಿಟ್ಟವರು ಅವರೇ. ಆದರೆ ಸೊಸೆಯ ಜೊತೆ ಮಾತು ಅಷ್ಟಕ್ಕಷ್ಟೇ.

ಒಂದು ಗುರುವಾರ ಮನೆಯ ಓನರಮ್ಮ ಮೂಗಿಗೆ ಕರ್ಚೀಫು ಒತ್ತಿಕೊಂಡು ಮಹಡಿಯಿಂದ ಇಳಿದು ಬಂದರು.

"ಏನಮ್ಮಾ, ಕೋಳಿ ಸಾಕಿದ್ದೀಯೋ ಹೆಣ ಹೂತಿದ್ದೀಯೋ?"

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಇಲ್ಲ ಮೇಡಮ್, ದಿನಾ ಕ್ಲೀನ್ ಮಾಡ್ತೀನಿ. ನಮ್ಮನೆಯವರು ದಿನಾ ಸಂಜೆ ಮೂಸಿ ನೋಡ್ತಾರೆ."

"ಅವ್ರಿಗೂ ಮೂಗಿಲ್ವಾ ಹಾಗಾದ್ರೆ? ಪಕ್ಕದ್ಮನೆಯವ್ರು ಒಂದು ತಿಂಗಳಿಂದ ಕಿಟಕಿ ತೆಗೆದಿಲ್ಲ. ನೋಡು, ಭಾನುವಾರ ಸಂಜೆ ನಾನೇ ಬಂದು ಮೂಸ್ತೀನಿ. ನಾರಿದ್ರೆ ಅವತ್ತೇ ಕೋಳಿ ಹೊರಗೆ. ಆಮೇಲೆ ಅತ್ತು ಕರೆದು ಮಾಡ್ಬೇಡ."

ಅವಳು ಒಳಗೆ ಬಂದಳು. ಗಂಡ ಮೊಬೈಲು ನೋಡುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದರೂ ಕತ್ತು ಎತ್ತಲಿಲ್ಲ.

"ಒಂದು ತಿಂಗಳಿಂದ ನಾರ್ತಿದೆಯಂತೆ."

"ಆ ಯಮ್ಮಂದು ಇದ್ದಿದ್ದೇ."

"ನೀವು ದಿನಾ ಹೋಗ್ತಿದ್ರಾ?"

"ಹೋಗ್ತಿದ್ದೆ... ಅಂದ್ರೆ, ದಿನಾ ಅಂತ ಅಲ್ಲ."

"ಎಷ್ಟು ಸಲ ಹೋಗಿದ್ರಿ?"

"ಅಯ್ಯೋ, ಪೊಲೀಸ್ ತರ ಕೇಳ್ತೀಯಲ್ಲ! ಹದಿನಾಲ್ಕು ಮಹಡಿ ಹತ್ತಿ ಇಳಿದು ಸತ್ತು ಸುಣ್ಣವಾಗಿ ಬಂದಿರ್ತೀನಿ. ಕೋಳಿ ಹಿಕ್ಕೆ ಮೂಸೋಕೆ ನಾನೇನು ನಾಯಿನಾ?"

ಅವಳ ಮೈ ಉರಿಯಿತು. ಹೋಗಲ್ಲ ಅಂದಿದ್ದರೆ ಬೇರೆ ಯಾರನ್ನಾದರೂ ಕೇಳುತ್ತಿದ್ದಳು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುತ್ತಿದ್ದಳು. ಇವನು ಕುರ್ಚಿಯಿಂದ ಏಳದೆ, ದಿನಾ, ಸಲೀಸಾಗಿ, ಏನೂ ಇಲ್ಲ ಅಂದಿದ್ದ. ಅವಳು ಅತ್ತೆಯ ಕಡೆ ತಿರುಗಿದಳು.

"ನಿಮಗಾದ್ರೂ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಈ ಮಂಚದ ತನಕ ಬರ್ತಿದೆ."

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?"

"ನನ್ನನ್ನ ಯಾರು ಕೇಳಿದ್ರು? ನೀನು ಕೇಳ್ತಿದ್ದದ್ದು ಅವನನ್ನ. ಅವನು ಏನೂ ಇಲ್ಲ ಅಂತಿದ್ದ. ಗಂಡ ಹೆಂಡ್ತಿ ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ?"

ಆ ರಾತ್ರಿ ಅವಳು ಯಾರಿಗೂ ಊಟ ಬಡಿಸಲಿಲ್ಲ.

ಶನಿವಾರ ಅರ್ಧ ದಿನ ರಜೆ ಹಾಕಿ ಬಂದಾಗ ಅತ್ತೆ ಹಳೆಯ ನೈಟಿ ಮಂಡಿಯವರೆಗೆ ಎತ್ತಿ ಕಟ್ಟಿ, ಕೈಯಲ್ಲಿ ಬ್ರಷ್ಷು ಹಿಡಿದು ಅಂಗಳದಲ್ಲಿ ನಿಂತಿದ್ದರು. "ಏನು ನೋಡ್ತೀಯ? ಬಾ. ನೀನು ತೆಗಿ, ನಾನು ಮೂಸ್ತೀನಿ."

ಇಬ್ಬರೂ ಗೂಡನ್ನು ಬರಿದು ಮಾಡಿದರು. ಅತ್ತೆ ಮೂಲೆ ಮೂಲೆಗೂ ಬಗ್ಗಿ, "ಇಲ್ಲಲ್ಲ, ಇಲ್ಲೂ ಅಲ್ಲ" ಎನ್ನುತ್ತ ಕೊನೆಗೆ ನೀರಿನ ಡಬ್ಬಿ ಇಡುವ ಜಾಗದಲ್ಲಿ ಮುಖ ಹಿಂಡಿದರು. "ಇಲ್ಲೇ. ತೂ, ಅನಾಥ ಹೆಣದ ವಾರ್ಡು!"

ಹಲಗೆ ಎಬ್ಬಿಸಿದರೆ ಕೆಳಗೆ ಕಪ್ಪು ಕೆಸರು, ಬಿಳಿ ಹುಳ. ಡಬ್ಬಿಯ ತಳ ಒಸರಿ, ಹಲಗೆಯ ಸಂದಿನಿಂದ ನೀರು ಹಿಕ್ಕೆಯನ್ನು ನೆನೆಸುತ್ತ ಕೆಳಗೆ ಇಳಿದಿತ್ತು. ಮೇಲಿನ ಹೊಟ್ಟು ಒಣಗಿಯೇ ಇತ್ತು. ಅವಳ ಕೈ ಅಲ್ಲಿಯವರೆಗೆ ಮಾತ್ರ ಹೋಗಿತ್ತು. ಹಲಗೆ ಎತ್ತಿ ನೋಡಬೇಕೆಂದು ತನಗೇಕೆ ಹೊಳೆಯಲಿಲ್ಲ ಎಂದು ಅವಳು ಹಲ್ಲು ಕಡಿದಳು. ಇದ್ದ ಸಿಟ್ಟನ್ನೆಲ್ಲ ಬ್ರಷ್ಷಿಗೆ ಹಾಕಿ ಉಜ್ಜಿದಳು. ಸೋಪಿನ ನೀರು, ಬಿಸಿ ನೀರು, ಮತ್ತೆ ಸೋಪಿನ ನೀರು. ಕತ್ತಲಾಗುವ ಹೊತ್ತಿಗೆ ಅತ್ತೆ ಸೊಂಟ ಹಿಡಿದುಕೊಂಡು ಕೊನೆಯ ಸಲ ಮೂಸಿದರು.

"ಪರವಾಗಿಲ್ಲ. ಇನ್ನೂ ಒಂದು ಚೂರು ಇದೆ. ಹಲಗೆ ಒಣಗಿದ್ರೆ ಅದೂ ಹೋಗುತ್ತೆ."

"ನಿಜ ತಾನೆ?"

"ಸುಳ್ಳು ಹೇಳೋದು ನನ್ನ ಮಗ. ನಾನಲ್ಲ."

ಅವಳು ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಭಾನುವಾರ ಬೆಳಿಗ್ಗೆ ಹೊಸ ಹೊಟ್ಟು ತರಲು ಮರದ ಡಿಪೋಗೆ ಹೊರಟಳು. ಅತ್ತೆ ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಒಳಕೋಣೆಯಲ್ಲಿ ನಿದ್ದೆ ಹೋಗಿದ್ದರು. ಕೋಳಿಗಳು ಅಂಗಳದಲ್ಲಿದ್ದವು.

"ಏನೂ ಮುಟ್ಬೇಡಿ," ಅಂದಳು ಗಂಡನಿಗೆ. "ಗೂಡಿನ ಬಾಗಿಲು ತೆಗೆದೇ ಇರ್ಲಿ. ಗಾಳಿ ಆಡ್ಬೇಕು."

"ಅಪ್ಪಣೆ, ಮಹಾರಾಣಿ."

ಅವಳು ಹೋದ ಸ್ವಲ್ಪ ಹೊತ್ತಿಗೆ ಓನರಮ್ಮ ಮಹಡಿಯಿಂದಲೇ ಕೂಗಿದರು: ಸಂಜೆ ನೆಂಟರು ಬರುತ್ತಾರೆ, ಈಗಲೇ ಬಂದು ನೋಡಿಬಿಡುತ್ತೇನೆ. ಗಂಡನಿಗೆ ಗಾಬರಿಯಾಯಿತು. ಅಂಗಳದ ತುಂಬ ಹಿಕ್ಕೆ. ಅದನ್ನು ಪೈಪಿನಲ್ಲಿ ತೊಳೆಯಲೆಂದು ಕೋಳಿಗಳನ್ನು ಹಿಡಿಹಿಡಿದು ಗೂಡಿಗೆ ತುರುಕಿದ. ಎರಡು ಹೇಂಟೆಗಳು ಕೈಗೆ ಸಿಗದೆ ಜಾಲರಿಯಿಂದ ಹೊರಬಿದ್ದು ಬಚ್ಚಲ ಪಕ್ಕದ ನೀರಿನ ತೊಟ್ಟಿಯ ಹಿಂದೆ ನುಸುಳಿದವು. ಅಂಗಳ ತೊಳೆದ. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಸಲ, ಗೂಡಿಗೆ ಮೂಗು ಒಡ್ಡಿ ನಿಜವಾಗಿ ಮೂಸಿದ. ಒಂದು ಚೂರು ಇತ್ತು.

ಬಚ್ಚಲಿನಲ್ಲಿ ಬ್ಲೀಚಿಂಗ್ ಪುಡಿಯ ಪೊಟ್ಟಣವಿತ್ತು, ಕಕ್ಕಸು ತೊಳೆಯುವ ಆ್ಯಸಿಡ್ಡಿತ್ತು. ಒಂದು ಹಾಕಿದರೆ ಒಳ್ಳೆಯದು, ಎರಡೂ ಹಾಕಿದರೆ ಇನ್ನೂ ಒಳ್ಳೆಯದು ಎಂದುಕೊಂಡ. ತಗಡಿನ ತಟ್ಟೆ ಎಳೆದು, ಪುಡಿ ಸುರಿದು, ಮೇಲೆ ಆ್ಯಸಿಡ್ ಹೊಯ್ದು, ತಟ್ಟೆಯನ್ನು ಮತ್ತೆ ಒಳಗೆ ತಳ್ಳಿದ. ಬುಸ್ಸೆಂದು ನೊರೆ ಎದ್ದಿತು. ಕಣ್ಣು ಉರಿಯಿತು. ಕೆಲಸ ಮಾಡುತ್ತಿದೆ ಎಂದುಕೊಂಡ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿ ಗೂಡಿನ ಬಾಗಿಲನ್ನೂ ಎರಡು ಕಿಟಕಿಗಳನ್ನೂ ಹಾಕಿದ.

ಎರಡು ಮೂಟೆ ಹೊಟ್ಟನ್ನು ಆಟೋದಿಂದ ಇಳಿಸಿ, ಒಂದನ್ನು ಹೆಗಲಿಗೇರಿಸಿಕೊಂಡು ಅವಳು ಹಿತ್ತಲಿಗೆ ಬಂದಾಗ ಓನರಮ್ಮ ಕರ್ಚೀಫಿಲ್ಲದೆ ನಿಂತಿದ್ದರು.

"ಹೀಗಿರ್ಬೇಕು ನೋಡು! ಈಜುಕೊಳದ ಹಾಗಿದೆ. ಇನ್ನು ಕೋಳಿ ಇಟ್ಕೋ, ನನ್ನದೇನೂ ತಕರಾರಿಲ್ಲ. ಕ್ಲೀನ್ ಮಾಡೋದು ಹೇಗೆ ಅಂತ ನಿನ್ನ ಗಂಡನ್ನ ನೋಡಿ ಕಲೀ."

ಗಂಡ ಕೆಮ್ಮುತ್ತ ಹಲ್ಲು ಬಿಟ್ಟ.

ಅವಳಿಗೆ ಯಾವ ವಾಸನೆಯೂ ಬರಲಿಲ್ಲ. ತೊಳೆದ ಅಂಗಳ ಕಾಣಿಸಿತು. ಮುಚ್ಚಿದ ಬಾಗಿಲು ಕಾಣಿಸಿತು.

"ಕೋಳಿ ಎಲ್ಲಿ?"

"ಒಳಗಿವೆ. ಈಗ ತೆಗಿಬೇಡ, ಅವ್ರು ಹೋಗ್ಲಿ."

ಗೂಡಿನಿಂದ ಸದ್ದೇ ಇರಲಿಲ್ಲ. ಹಗಲು ಹೊತ್ತಿನಲ್ಲಿ ಕೂಡಿಹಾಕಿದರೆ ಹೆಡ್ ನರ್ಸ್ ಒಬ್ಬಳೇ ಬೀದಿಗೆ ಕೇಳುವಂತೆ ಕೂಗಬೇಕಿತ್ತು. ಅವಳು ಮೂಟೆ ಎಸೆದು ಬಾಗಿಲು ಎಳೆದು ತಲೆ ಒಳಗಿಟ್ಟಳು. ಗಂಟಲಿಗೆ ಬೆಂಕಿ ಬಿದ್ದ ಹಾಗಾಯಿತು. ಆದರೂ ಕೈ ಚಾಚಿದಳು. ಒಂದು ಸಿಕ್ಕಿತು, ಬೆಚ್ಚಗೆ, ಭಾರವಾಗಿ. ಕತ್ತು ಜೋತುಬಿದ್ದಿತ್ತು.

"ಯಾವ ಕತ್ತೆ ಬ್ಲೀಚಿಂಗಿಗೆ ಆ್ಯಸಿಡ್ ಹಾಕಿದ್ದು?" ಅತ್ತೆ ಒಳಗಿನಿಂದ ಕಿರುಚುತ್ತ ಓಡಿ ಬಂದರು. "ಈಚೆ ಬಾರೇ! ನಿನಗೆ ಗೊತ್ತಾಗಲ್ಲ, ಅದು ವಿಷ!" ಜಡೆ ಹಿಡಿದು ಅವಳನ್ನು ಹಿಂದಕ್ಕೆಳೆದರು. ಕಿಟಕಿಗಳನ್ನು ಕೋಲಿನಿಂದ ಹೊಡೆದು ತೆರೆದರು.

ಅವಳು ನೆಲದ ಮೇಲೆ ಕೂತು ಕೆಮ್ಮಿದಳು, ಉಗಿದಳು, ಮತ್ತೆ ಕೆಮ್ಮಿದಳು. ಉಸಿರು ಹಿಡಿತಕ್ಕೆ ಬಂದ ಮೇಲೆ ಗಂಡನನ್ನು ನೋಡಿದಳು.

"ನಾನು ನಿನಗೋಸ್ಕರ ಮಾಡಿದ್ದು," ಅಂದ ಅವನು. "ಅವು ಕೋಲಿನ ಮೇಲಿದ್ವಲ್ಲ, ನಾನು ಹಾಕಿದ್ದು ಕೆಳಗೆ."

"ಬಾಯಿ ಮುಚ್ಚು."

ಮದುವೆಯಾದಾಗಿನಿಂದ ಅವನನ್ನು ಅವಳು ಏಕವಚನದಲ್ಲಿ ಕರೆದಿರಲಿಲ್ಲ. ಅತ್ತೆ ಕೇಳಿಸಿಕೊಂಡರು.

"ಇನ್ನೊಂದಷ್ಟು ತಂದ್ರಾಯ್ತು," ಅಂದ ಅವನು ತಗ್ಗಿದ ದನಿಯಲ್ಲಿ. "ಹೇಗೂ ಓನರ್ ಒಪ್ಪಿದ್ದಾರಲ್ಲ."

ಅವಳು ಕೈಗೆ ಸಿಕ್ಕ ಕರಣೆಯನ್ನು ಬೀಸಿದಳು. ಅದು ಅವನ ಮೊಣಕಾಲಿಗೆ ತಗುಲಿತು. ಅವನು ಕುಂಟುತ್ತ ಒಳಗೆ ಹೋದ. ಓನರಮ್ಮ ಮತ್ತೆ ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದರು. "ಇವತ್ತೇ ಎಲ್ಲ ಎತ್ತಿಸ್ಬಿಡಿ," ಅಂದರು ಮೆಟ್ಟಿಲು ಹತ್ತುತ್ತ. "ನಾಳೆಗೆ ನಾರುತ್ತೆ."

ಗಾಳಿ ಆಡಿದ ಮೇಲೆ ಅತ್ತೆ ಮೂಸಿ ನೋಡಿ, "ಈಗ ಹೋಗ್ಬಹುದು" ಅಂದರು. ಅವಳು ಒಂದೊಂದಾಗಿ ಹೊರಗೆ ತಂದು ಒದ್ದೆ ಅಂಗಳದಲ್ಲಿ ಮಲಗಿಸಿದಳು. ಅತ್ತೆ ಯಾವ ಕೋಳಿಯ ಹೆಸರನ್ನೂ ಹೇಳಲಿಲ್ಲ.

ಒಂಬತ್ತು ಕೋಳಿಗಳಲ್ಲಿ ಏಳು ಸತ್ತಿದ್ದವು.