ಎಡಗೈಯ ಕೊಸರು

ಶಿರಾಳಕೊಪ್ಪದ ಮಂಡಕ್ಕಿ ಅಂಗಡಿಯ ಮಹೇಶ್ವರಪ್ಪನ ಎಡಗೈ ಇಡೀ ಪೇಟೆಗೆ ಗೊತ್ತು. ಬಲಗೈಯಲ್ಲಿ ಸೇರು ತುಂಬಿತೋ ಇಲ್ಲವೋ, ಎಡಗೈ ತಾನಾಗಿ ಬಂದು ಸೇರಿನ ಬಾಯಿ ಸವರಿಬಿಡುತ್ತದೆ. ಒಂದೇ ಒಂದು ಕಾಳು ಮೇಲೆ ನಿಂತಿದ್ದರೆ ಕೇಳಿ. ಅಳೆದ ಮೇಲೆ ಇನ್ನೊಂದು ಹಿಡಿ ಹಾಕುವ ಕೊಸರು ಎಲ್ಲ ಅಂಗಡಿಯಲ್ಲೂ ಉಂಟು, ಇವನಲ್ಲಿ ಮಾತ್ರ ಇಲ್ಲ. ಜಿಪುಣ ಅನ್ನೋಣವೆಂದರೆ ಅದೂ ಅಲ್ಲ. ಮಠದ ದಾಸೋಹಕ್ಕೆ ಚೀಲಗಟ್ಟಲೆ ಕಳಿಸುತ್ತಾನೆ, ಹೆಂಡತಿ ಕೈತೋರಿಸಿದ ಸೀರೆ ಕೊಡಿಸುತ್ತಾನೆ. ಸೇರು ಕೈಗೆ ಬಂದರೆ ಮಾತ್ರ ಮನುಷ್ಯ ಬೇರೆ. ಅವನಪ್ಪನ ಎಡಗೈಯೂ ಹೀಗೇ ಇತ್ತಂತೆ.

ಹೋದ ತಿಂಗಳು ಈ ಕೈ ಅತ್ತೆಯ ಮೇಲೂ ಹರಿಯಿತು. ಸೊರಬದಿಂದ ಬಂದಿದ್ದ ವೀರಮ್ಮ, ಜೊತೆಗಿದ್ದ ನಾಲ್ಕು ಹೆಂಗಸರ ಎದುರಿಗೆ, ಅಳಿಯನ ಅಂಗಡಿಯೆಂಬ ಹೆಮ್ಮೆಯಲ್ಲಿ ಸೆರಗೊಡ್ಡಿ ಕೊಸರು ಕೇಳಿದರು. ಮಹೇಶ್ವರಪ್ಪ ಸೇರನ್ನು ಹಿಂದಕ್ಕೆಳೆದುಕೊಂಡ. ಹೆಂಗಸರು ಕಿಸಕ್ಕನೆ ನಕ್ಕರು. ಸಂಜೆಯ ಬಸ್ಸಿಗೆ ಅಮ್ಮನ ಜೊತೆ ಹೆಂಡತಿ ಗಂಗಾಶ್ರೀಯೂ ಹತ್ತಿದಳು.

“ಕೈ ಬದಲಾದ್ರೆ ಸೊರಬಕ್ಕೆ ಬರ್ರಿ,” ಅಂದಳು. “ಇಲ್ದಿದ್ರೆ ಆ ಸೇರಿನ ಜೊತಿಗೇ ಸಂಸಾರ ಮಾಡ್ರಿ.”

ಹದಿನೆಂಟು ದಿನವಾಯಿತು. ಫೋನು ಮಾಡಿದರೆ ಅತ್ತೆಯೇ ಎತ್ತಿ, “ಅಳತೆ ಹೆಂಗೈತಿ?” ಎಂದು ಕೇಳಿ ಇಟ್ಟುಬಿಡುತ್ತಾರೆ. ಮಹೇಶ್ವರಪ್ಪ ಬೆಳಿಗ್ಗೆ ಚಹಾ ಕಾಸಿ ಎರಡು ಲೋಟಕ್ಕೆ ಸುರಿಯುತ್ತಾನೆ, ಆಮೇಲೆ ಪೆಚ್ಚಾಗಿ ಎರಡನ್ನೂ ತಾನೇ ಕುಡಿಯುತ್ತಾನೆ. ಹೆಂಡತಿಯಿಲ್ಲದ ಮನೆಯನ್ನು ಅವನಿಗೆ ನಿಜಕ್ಕೂ ತಡೆಯಲಾಗುತ್ತಿರಲಿಲ್ಲ.

ಇಂಥ ದಿನಗಳಲ್ಲಿ ಅವನ ಕಷ್ಟ ಕೇಳಿದವನು ಮೆನಾಹೆಮ್, ಊರವರ ಬಾಯಲ್ಲಿ ಮೇಣಪ್ಪ. ಇಸ್ರೇಲಿನಿಂದ ಅಂಜನಾಪುರದ ಹೊಲಗಳಿಗೆ ಹನಿ ನೀರಾವರಿಯ ಪೈಪು ಹಾಕಿಸಲು ಬಂದ ಯೆಹೂದಿ. ತನ್ನ ಧರ್ಮದ ಊಟದ ಕಟ್ಟಳೆಗೆ ಹೆದರಿ ಹೋಟೆಲಿನ ಮೆಟ್ಟಿಲು ಹತ್ತದೆ, ಬಾಳೆಹಣ್ಣು ಮತ್ತು ಬರೀ ಮಂಡಕ್ಕಿಯಲ್ಲಿ ವರ್ಷ ಕಳೆದಿದ್ದ. ಪುಸ್ತಕ ಹಿಡಿದು ಕಲಿತ ಕನ್ನಡ ಅವನದು.

“ಹುಟ್ಟುಗುಣ ಸ್ವಾಮಿ, ಏನ್ ಮಾಡ್ಲಿ,” ಅಂದ ಮಹೇಶ್ವರಪ್ಪ.

“ನಮ್ಮ ಹಿರಿಯರು ಒಂದು ಮಾತು ಹೇಳುತ್ತಾರೆ,” ಅಂದ ಮೆನಾಹೆಮ್. “ಪಾಠವನ್ನು ನೂರು ಸಲ ಓದಿದವನು ಇನ್ನೂ ದೇವರ ಸೇವೆ ಮಾಡಿಲ್ಲ. ನೂರಾ ಒಂದು ಸಲ ಓದಿದವನು ಮಾಡಿದ್ದಾನೆ. ಏಕೆಂದರೆ ಆ ಕಾಲದಲ್ಲಿ ನೂರು ಸಲ ಓದುವುದು ಎಲ್ಲರಿಗೂ ರೂಢಿ. ಅದನ್ನು ಅಭ್ಯಾಸವೇ ಓದಿಸುತ್ತದೆ. ನೂರಾ ಒಂದನೆಯದು ಮಾತ್ರ ಅವನದು.”

ಮಹೇಶ್ವರಪ್ಪನ ಮುಖ ಅರಳಿತು. “ಅಂದ್ರೆ ಕೊಸರು,” ಅಂದ. ಮೆನಾಹೆಮ್ ಆ ಪದವನ್ನು ಬಹಳ ಸಂತೋಷದಿಂದ ಬರೆದುಕೊಂಡ.

ಆದರೆ ನಮ್ಮ ಮಹೇಶ್ವರಪ್ಪ ವ್ಯಾಪಾರಸ್ಥ. ಅವನು ಅರ್ಥ ಮಾಡಿಕೊಂಡಿದ್ದೇ ಬೇರೆ. ಮಾರನೆಯ ದಿನದಿಂದ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ ಗಿರಾಕಿಗಳನ್ನು ಎಣಿಸತೊಡಗಿದ. ನೂರು ಮಂದಿಗೆ ನಿಶ್ಚಿಂತೆಯಾಗಿ ಸವರಿದ. ನೂರಾ ಒಂದನೆಯವರಿಗೆ ಕೊಸರು ಹಾಕಿಬಿಟ್ಟರೆ ಧರ್ಮವೂ ಆಯಿತು, ಹೆಂಡತಿಯೂ ಬಂದಳು. ಮೂರನೆಯ ದಿನ ಆ ಭಾಗ್ಯವಂತ ಬಂದ: ಈಸೂರಿನ ಧರ್ಮಪ್ಪ. ಮಹೇಶ್ವರಪ್ಪ ಎದ್ದು ನಿಂತು, ಕೈಮುಗಿದು, ಸೇರು ತುಂಬಿದ. ಎಡಗೈ ಬಂತು, ಸವರಿತು, ಹೋಯಿತು. ಕೈಮುಗಿದದ್ದು ಯಾಕೆಂದು ತಿಳಿಯದೆ ಧರ್ಮಪ್ಪ ಹಿಂದೆ ತಿರುಗಿ ನೋಡುತ್ತಲೇ ಹೋದ.

ಕಥೆ ಕೇಳಿ ಮೆನಾಹೆಮ್‌ಗೆ ಕಣ್ಣಲ್ಲಿ ನೀರು ಬರುವಷ್ಟು ನಗು. “ಅಣ್ಣಾ, ನೂರಾ ಒಂದನೆಯದು ಗಿರಾಕಿಯ ಲೆಕ್ಕ ಅಲ್ಲ, ರೂಢಿ ಮೀರಿ ನೀವೇ ಮಾಡುವುದು.”

“ನನ್ ಕೈಲಿ ಆಗಾಕಿಲ್ಲ ಬಿಡ್ರಿ. ಈ ಕೈ ನನ್ ಮಾತೇ ಕೇಳಾಕಿಲ್ಲ.”

“ನಿಮ್ಮ ಮಾತು ಕೇಳದಿದ್ದರೆ ಬೇಡ. ಬೆಳಿಗ್ಗೆ ಆ ಕೈಯಲ್ಲಿ ಏನು ಇಟ್ಟುಕೊಳ್ಳುತ್ತೀರಿ?”

ಮಹೇಶ್ವರಪ್ಪ ಬೆಚ್ಚಿದ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳ ಇಷ್ಟಲಿಂಗವನ್ನು ಬಿಚ್ಚಿ, ಪೂಜೆಗೆ ಇರಿಸಿಕೊಳ್ಳುತ್ತಿದ್ದುದು ಅದೇ ಎಡಗೈಯಲ್ಲಿ.

ಮೆನಾಹೆಮ್ ಅಂಗಿಯ ತೋಳು ಮೇಲೇರಿಸಿದ. ಎಡಗೈಯಲ್ಲಿ ಸುತ್ತುಸುತ್ತಾಗಿ ಪಟ್ಟಿಯ ಗುರುತು. “ಬೆಳಗಿನ ಪ್ರಾರ್ಥನೆಗೆ ದೇವರ ವಾಕ್ಯ ಇರುವ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತೇನೆ. ನನ್ನದೂ ಎಡಗೈಯೇ. ನನಗೆ ಕೋಪ ಬಹಳ, ಕೆಲಸದವರನ್ನು ಕೇಳಿ. ಗುಣ ಹೋಗಲಿ ಅಂತ ನಾನು ಕಾಯುವುದಿಲ್ಲ. ಗುಣಕ್ಕಿಂತ ದೊಡ್ಡವನು ಒಬ್ಬ ಇದ್ದಾನೆ ಅಂತ ನಂಬುತ್ತೇನೆ, ನಂಬಿ ಒಂದು ಹೆಜ್ಜೆ ಮುಂದೆ ಇಡುತ್ತೇನೆ. ಗುಣ ಬೈದುಕೊಳ್ಳುತ್ತ ಹಿಂದೆ ಬರುತ್ತದೆ.”

ಮರುದಿನ ಪೂಜೆಯಲ್ಲಿ ಮಹೇಶ್ವರಪ್ಪ ಕೈಯನ್ನು ದಿಟ್ಟಿಸಿ ನೋಡುತ್ತ ಬಹಳ ಹೊತ್ತು ಕೂತ. ಆಮೇಲೆ ಒಂದು ಚೀಲ ಮಂಡಕ್ಕಿ, ಒಂದು ಸೇರು ಹೊತ್ತುಕೊಂಡು ಸೊರಬದ ಬಸ್ಸು ಹತ್ತಿದ.

ವೀರಮ್ಮ ಜಗಲಿಯ ಮೇಲೇ ಕೂತಿದ್ದರು. “ಬಂದ್ರಾ,” ಅಂದು ದೊಡ್ಡ ಮೊರವನ್ನು ಮುಂದೆ ತಳ್ಳಿದರು. “ಅಳೀರಿ ನೋಡಾಣ.” ಗಂಗಾಶ್ರೀ ಬಾಗಿಲಿಗೆ ಒರಗಿ ನಿಂತಳು.

“ಲಾಭ,” ಎಂದು ಮೊದಲ ಸೇರು ಹಾಕಿದ. ಒಂದು ಅನ್ನುವ ಜಾಗದಲ್ಲಿ ಲಾಭ ಅನ್ನುವುದು ಅಳೆಯುವವರ ಪದ್ಧತಿ. ಎರಡು, ಮೂರು, ನಾಲ್ಕು. ಎಡಗೈ ಪ್ರತಿಸಲ ಏಳುವುದು, ಅವನು ಕಣ್ಮುಚ್ಚುವುದು, ಕೈ ಸವರದೆ ಇಳಿಯುವುದು. ಐದನೆಯದಕ್ಕೆ ಅದೇನು ಉಮೇದು ಬಂತೋ, ಸೇರು ಬಿಸಾಕಿ ಚೀಲವನ್ನೇ ಎತ್ತಿ ಮೊರದ ಮೇಲೆ ಬೋರಲು ಹಾಕಿದ. ಮಂಡಕ್ಕಿ ಮೊರ ತುಂಬಿ, ಜಗಲಿ ತುಂಬಿ, ಅತ್ತೆಯ ಮಡಿಲು ತುಂಬಿ ಅಂಗಳಕ್ಕೆ ಇಳಿಯಿತು. ಓಣಿಯ ಕೋಳಿಗಳೆಲ್ಲ ಓಡಿ ಬಂದವು. “ಸಾಕು ಮಾರಾಯ್ರೆ, ಸಾಕು,” ಎಂದು ಹುಟ್ಟಿದಾಗಿನಿಂದ ಸಾಕು ಅನ್ನದ ವೀರಮ್ಮ ನಗುತ್ತ ಕೈ ಅಡ್ಡ ಹಿಡಿದರು. ಮಹೇಶ್ವರಪ್ಪನಿಗೆ ಕುಣಿಯುವಷ್ಟು ಖುಷಿ.

ಗಂಗಾಶ್ರೀ ಮಾತ್ರ ನಗಲಿಲ್ಲ. “ಚೀಲ ಸುರಿಯೋದು ನಿಮಗೆ ಯಾವತ್ತೂ ಕಷ್ಟ ಅಲ್ಲ,” ಅಂದಳು. “ಮಠಕ್ಕೂ ಸುರೀತೀರಿ.”

ಅಷ್ಟರಲ್ಲಿ ಪಕ್ಕದ ಮನೆಯ ತುಂಗಮ್ಮ ಗಲಾಟೆ ಕೇಳಿ ಬುಟ್ಟಿ ಹಿಡಿದು ಬಂದಳು. “ಮಾರೋ ಮಂಡಕ್ಕಿಯಾ? ನಂಗೂ ಒಂದು ಸೇರು ಕೊಡಿ.”

ಮಹೇಶ್ವರಪ್ಪ ಅಭ್ಯಾಸಬಲದಿಂದ ಸೇರು ಹುಡುಕಿ, ರಾಶಿಗೆ ಅದ್ದಿ, ತುಂಬಿದ. ಎಡಗೈ ಬಂತು. ಸೇರಿನ ಬಾಯಿ ನುಣ್ಣಗೆ ಸವರಿತು. ಒಂದು ಕಾಳೂ ಮೇಲೆ ಉಳಿಯಲಿಲ್ಲ.

ಗಂಗಾಶ್ರೀಯ ಮುಖ ಬಾಡಿದ್ದು ಅವನಿಗೆ ಕಂಡಿತು. ತನ್ನ ಕೈ ಬದಲಾಗಿಲ್ಲ, ಬಹುಶಃ ಬದಲಾಗುವುದೂ ಇಲ್ಲ ಅನ್ನುವುದು ಆ ಕ್ಷಣಕ್ಕೆ ಅವನಿಗೆ ಖಾತ್ರಿಯಾಯಿತು. ಸೇರನ್ನು ತುಂಗಮ್ಮನ ಬುಟ್ಟಿಗೆ ಸುರಿದು, ಖಾಲಿ ಎಡಗೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ, ಯಾರೂ ಕೇಳದೆ, ಅದೇ ಕೈಯನ್ನು ರಾಶಿಗೆ ಇಳಿಸಿದ. ಚೀಲ ಎತ್ತಿದವನಿಗೆ ಈ ಒಂದು ಹಿಡಿ ಎತ್ತುವಷ್ಟರಲ್ಲಿ ಹಣೆಯ ಮೇಲೆ ಬೆವರೊಡೆಯಿತು.

“ಕೊಸರು,” ಅಂದ ಮೆತ್ತಗೆ, ಬುಟ್ಟಿಗೆ ಹಾಕಿದ.

ತುಂಗಮ್ಮನಿಗೆ ಇದರಲ್ಲೇನೂ ವಿಶೇಷ ಕಾಣಲಿಲ್ಲ. ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೋದಳು. ಗಂಗಾಶ್ರೀ ಒಳಗೆ ಹೋಗಿ, ಎರಡೇ ನಿಮಿಷದಲ್ಲಿ ಬ್ಯಾಗು ಹಿಡಿದು ಬಂದು ಚಪ್ಪಲಿ ಮೆಟ್ಟಿಕೊಂಡಳು.

“ನಡೀರಿ,” ಅಂದಳು.