ಗೈರುಹಾಜರಿಯ ಕಾಲಂ

ಬಾವುಟ ಮೇಲೇರುತ್ತಿದೆ, ರಾಟೆ ಕಿರುಗುಟ್ಟುತ್ತಿದೆ, ಸೋಮವಾರದ ಬಿಸಿಲು ಏಳೂಕಾಲಿಗೇ ನೆತ್ತಿ ಸುಡುತ್ತಿದೆ, ವಂದನೆಗೆಂದು ಒಂದು ಕೈಯನ್ನು ಹಣೆಗೆ ಹಿಡಿದಿದ್ದೇನೆ — ಇನ್ನೊಂದು ಕೈಯಲ್ಲಿ ಕಾಗದ, ಅದರಲ್ಲಿ ಒಂದೇ ಹೆಸರು, ನಿಂಗ್ರುಮ್, ಒಂಬತ್ತನೇ ತರಗತಿ, ಈ ವರ್ಷದ ಆದರ್ಶ ವಿದ್ಯಾರ್ಥಿನಿ, ಮುಂದಿನ ಮೂರು ವರ್ಷ ಕ್ಲಾಟೆನ್ ಪೇಟೆಯ ದೊಡ್ಡ ಶಾಲೆಯಲ್ಲಿ ಶುಲ್ಕವಿಲ್ಲದೆ ಓದುವವಳು, ಮತ್ತು ಆ ಹೆಸರು ತಪ್ಪು, ಅರ್ಧ ಗಂಟೆಯ ಹಿಂದೆ ಕಂಡಿತು. ಮೊದಲ ಲೆಕ್ಕದಲ್ಲಿ ಅದೇ ತರಗತಿಯ ಗಲುಹ್ ಮುಂದೆ ಬಂದಿದ್ದಳು, ಯಾರು ಆದರ್ಶಕ್ಕೆ ಎಷ್ಟು ಹತ್ತಿರ ಎಂದು ಅಳೆಯುವ ಆ ಉದ್ದದ ವಿಧಾನದಲ್ಲಿ, ಮುಖ್ಯೋಪಾಧ್ಯಾಯ ಪಾಕ್ ವಲುಯೋ ಕನ್ನಡಕ ತೆಗೆದು ನನ್ನನ್ನು ನೋಡಿದರು, ಏನ್ರೀ ಬು ಹರ್ಯಾತಿ ಇದು, ವರ್ಗಮೂಲ ಅಂತೆ, ದೂರ ಅಂತೆ, ಮಕ್ಕಳ ಅಪ್ಪ ಅಮ್ಮ ಬಂದು ಕೇಳಿದ್ರೆ ನಾನೇನ್ ಹೇಳ್ಲಿ, ಒಂದೊಂದಕ್ಕೂ ಇಷ್ಟಿಷ್ಟು ತೂಕ ಅಂತ ಹಾಕಿ ಗುಣಿಸಿ ಕೂಡಿಬಿಡಿ, ಮುಗೀತು — ಕೂಡಿದೆ, ನಿಂಗ್ರುಮ್ ಬಂದಳು, ವಿಧಾನ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ ಎಂದು ಶಿಕ್ಷಕರ ಸಭೆಯಲ್ಲಿ ದೊಡ್ಡದಾಗಿ ವಿವರಿಸಿದೆ, ಚಪ್ಪಾಳೆಯನ್ನೂ ತಟ್ಟಿಸಿಕೊಂಡೆ, ಥೂ ನನ್ನ ಜನ್ಮಕ್ಕೆ. ವಿಧಾನದ್ದೇನೂ ತಪ್ಪಿರಲಿಲ್ಲ. ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು, ಗೈರುಹಾಜರಿ ಕಡಿಮೆಯಿದ್ದಷ್ಟೂ ಒಳ್ಳೆಯದು, ಎರಡನೇ ಲೆಕ್ಕದಲ್ಲಿ ನಾನು ಎರಡಕ್ಕೂ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೇ ಗುರುತು ಹಾಕಿದ್ದೆ, ಹತ್ತೊಂಬತ್ತು ದಿನ ಬಾರದ ನಿಂಗ್ರುಮ್‌ಗೆ ಆ ಕಾಲಮ್ಮಿನಲ್ಲಿ ಪೂರ್ತಿ ಅಂಕ, ಒಂದೇ ದಿನ ತಪ್ಪಿಸಿದ ಗಲುಹ್‌ಗೆ ಚೂರು. ಜ್ವರದಲ್ಲಿ ಮೈ ಕೆಂಡವಾಗಿದ್ದರೂ ಬಂದು ಕೂತಿದ್ದಳಲ್ಲ ಆ ಹುಡುಗಿ, ಮನೆಗೆ ಹೋಗು ಮಗೂ ಅಂದರೆ, ಬೇಡ ಬು, ಅಜ್ಜ ತೀರ್ಕೊಂಡಾಗ ಒಂದ್ ದಿನ ಹೋಗಿದೆ, ಇನ್ನೊಂದು ಹೋಗೋದು ಬೇಡ. ನಿಂಗ್ರುಮ್ ಏನು ಆಟವಾಡಲು ತಪ್ಪಿಸಿದಳೇ, ಐದು ದಿನಕ್ಕೊಮ್ಮೆಯ ಸಂತೆಯಲ್ಲಿ ಅಮ್ಮನ ಪಕ್ಕ ಕೂತು, ಅಮ್ಮ ಮಾರುವ ಪೆಚೆಲ್ ಎಂಬ ಸೊಪ್ಪಿನ ತಿನಿಸಿಗೆ ಕಡಲೆಕಾಯಿ ಅರೆಯಲು — ಇದನ್ನು ಯಾವ ಕಾಲಮ್ಮಿಗೆ ಹಾಕಲಿ, ಯಾವ ವಿಧಾನದಲ್ಲಿ ಇದಕ್ಕೆ ತೂಕವಿದೆ.

ಆ ಅಮ್ಮ ಗೇಟಿನ ಹತ್ತಿರ ನಿಂತಿದ್ದಾಳೆ, ಪಾಕ್ ವಲುಯೋ ನಿನ್ನೆಯೇ ಹೇಳಿ ಕರೆಸಿದ್ದಾರೆ, ಮದುವೆಗಳಿಗೆ ತೊಡುವ ಹಸಿರು ಕೆಬಾಯಾ ರವಿಕೆಯಲ್ಲಿ ಬಂದಿದ್ದಾಳೆ, ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡಳು, ಎಲ್ಲಾ ನಿಮ್ಮಿಂದಾನೇ ಬು, ನಾನು ಮೂರನೇ ಕ್ಲಾಸೂ ದಾಟ್ದೋಳಲ್ಲ, ಈಗ ಮಗಳ ಕಡೆಗೆ ಫೋನು ಎತ್ತಿ ಹಿಡಿದಿದ್ದಾಳೆ, ಹೆಸರು ಕೇಳುವ ಗಳಿಗೆಯನ್ನೇ ಸೆರೆಹಿಡಿಯಬೇಕಂತೆ. ಮೊದಲೇ ಯಾಕೆ ಹೇಳಲಿಲ್ಲ ನಾನು, ಹೇಳಲು ಹೋದೆ, ಪಾಕ್, ಒಂದ್ ನಿಮಿಷ, ಅಂದೆ, ಆಮೇಲೆ ಆಮೇಲೆ, ಮಕ್ಕಳು ಸಾಲಾಗಿದಾರೆ ನಡೀರಿ, ಅಂದರು, ನಾನೂ ನಡೆದುಬಿಟ್ಟೆ, ಹೆದರಿಕೆ, ವರ್ಷವರ್ಷವೂ ಅವರ ಸಹಿಯಿಂದಲೇ ಉಳಿಯುವ ಕೆಲಸ ನನ್ನದು. ಓದಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಗಲುಹ್‌ಗೂ ತಿಳಿಯುವುದಿಲ್ಲ, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದಾಳೆ, ಕೊರಳಿನ ಬೆವರು ಕಾಣುತ್ತಿದೆ, ಗೇಟಿನಲ್ಲಿ ನಿಂಗ್ರುಮ್‌ಳ ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ರಾಷ್ಟ್ರಗೀತೆ ನಿಂತಿತು, ಲೆಕ್ಕ ಹಾಕಿದವರೇ ಹೆಸರು ಓದಲಿ, ಬನ್ನಿ ಬು ಹರ್ಯಾತಿ, ಮುಖ್ಯೋಪಾಧ್ಯಾಯರು ಕರೆದರು, ಮೈಕು ಬಿಸಿಲಿಗೆ ಕಾದಿದೆ, ಓದ್ರೀ, ಪಾಕ್ ವಲುಯೋ ಪಿಸುಗುಟ್ಟುತ್ತಾರೆ, ಯಾಕ್ರೀ ಏನಾಯ್ತು, ಕಾಗದದ ಅಕ್ಷರ ನೋಡುತ್ತೇನೆ, ಮೂರನೇ ಸಾಲು ನೋಡುತ್ತೇನೆ, ಗಲುಹ್ — ನನ್ನ ದನಿಯೇ, ಗಂಟೆಕಂಬದ ಮೇಲಿನ ಸ್ಪೀಕರಿನಿಂದ ಮೈದಾನಕ್ಕೆಲ್ಲ ಕೇಳಿಹೋಯಿತು, ಮತ್ತೆ ಆ ಅಮ್ಮ, ಅವಳಿಗಿನ್ನೂ ತಲೆಗೆ ಹೋಗಿಲ್ಲ, ನಗುತ್ತಲೇ ಇದ್ದಾಳೆ, ಫೋನು ಎತ್ತಿಯೇ ಇದೆ, ನಿಂಗ್ರುಮ್ ಕಡೆಗೆ, ಇಳಿಸು ತಾಯಿ ಅದನ್ನ, ಇಳಿಸುತ್ತಿಲ್ಲ, ಎತ್ತಿಯೇ ಇದೆ